ಫ್ಲಶ್ ಕೆಟ್ಟಾಗ ನೆನಪಾಗಬೇಕಾದ ಚರಿತ್ರೆ

ಬಟನ್ ಒತ್ತಿದರೆ ನೀರಿನ ಸದ್ದೇನೋ ಕೇಳಿಸುತ್ತದೆ. ಆದರೆ ಹೋಗಬೇಕಾದದ್ದು ಹೋಗುವುದಿಲ್ಲ. ಕೆಲವೊಮ್ಮೆ ನೀರು ಕಮೋಡಿನ ಅಂಚಿನವರೆಗೆ ಏರಿ, ಮನೆಯವರನ್ನೆಲ್ಲ ಗಾಬರಿಗೊಳಿಸಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಇಂಥ ಸಂದರ್ಭದಲ್ಲಿ ಬಹುತೇಕ ಮನೆಗಳಲ್ಲಿ ನಡೆಯುವುದು ಒಂದೇ ಬಗೆ. ಬಕೆಟ್ಟುಗಟ್ಟಲೆ ನೀರು ಸುರಿಯುವುದು ಮೊದಲ ಉಪಾಯ. ಆಸಿಡ್ ಸುರಿಯುವುದು ಎರಡನೆಯದು. ಎರಡೂ ಫಲಿಸದಿದ್ದರೆ ‘ಯಾರನ್ನಾದರೂ ಕರೆಸಿ’ ಎನ್ನುವುದು ಮೂರನೆಯದು. ಈ ‘ಯಾರನ್ನಾದರೂ’ ಎಂಬ ಮಾತು ಯಾರನ್ನು ಕುರಿತದ್ದು ಎಂಬುದು ನಮ್ಮ ದೇಶದಲ್ಲಿ ಹೇಳದೆಯೇ ಎಲ್ಲರಿಗೂ ಗೊತ್ತಿದೆ.

ಫ್ಲಶ್ ಮಾಡುವ ಕಕ್ಕಸು ಒಬ್ಬ ವಿಜ್ಞಾನಿ ಒಂದು ದಿನ ಕಂಡುಹಿಡಿದ ಯಂತ್ರವಲ್ಲ. ಸುಮಾರು ನಾಲ್ಕು ಶತಮಾನಗಳ ಕಾಲ ಒಂದಾದ ಮೇಲೊಂದರಂತೆ ನಡೆದ ರಿಪೇರಿಗಳ ಮೊತ್ತ ಅದು. ವಾಸನೆ ಬರುತ್ತದೆ ಎಂದು ಒಬ್ಬ ಪೈಪನ್ನು ಬಾಗಿಸಿದ. ಚಳಿಗೆ ಹೆಪ್ಪುಗಟ್ಟುತ್ತದೆ ಎಂದು ಇನ್ನೊಬ್ಬ ಮುಚ್ಚಳ ಬದಲಿಸಿದ. ನೀರು ಪೋಲಾಗುತ್ತದೆ ಎಂದು ಮತ್ತೊಬ್ಬರು ಟ್ಯಾಂಕಿನ ಒಳಗನ್ನೇ ಬದಲಾಯಿಸಿದರು. ಆದ್ದರಿಂದ ಅದರ ಚರಿತ್ರೆಯನ್ನು ತಿಳಿದವರಿಗೆ ಇಂದು ಮನೆಯಲ್ಲಿ ಕೆಟ್ಟಿರುವ ಫ್ಲಶ್‌ನ ಕಾಯಿಲೆಯೂ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾವ ರಿಪೇರಿಯನ್ನು ಮನೆಯವರೇ ಮಾಡಿಕೊಳ್ಳಬಹುದು, ಯಾವುದಕ್ಕೆ ಮನುಷ್ಯನನ್ನು ಎಂದಿಗೂ ಇಳಿಸಬಾರದು ಎಂಬುದೂ ತಿಳಿಯುತ್ತದೆ.

ಹೊರಕಡೆಯಿಂದ ಒಳಮನೆಗೆ

ಈ ಕೋಣೆಗೆ ಕನ್ನಡದಲ್ಲಿರುವ ಹೆಸರುಗಳೇ ಅದರ ಕಥೆಯನ್ನು ಅರ್ಧ ಹೇಳುತ್ತವೆ. ಹಳ್ಳಿಯ ಹಿರಿಯರು ‘ಹೊರಕಡೆ’, ‘ಬಯಲಕಡೆ’, ‘ಕೆರೆಕಡೆ’ ಎನ್ನುತ್ತಿದ್ದರು. ಅಂದರೆ ಅದು ಮನೆಯ ಭಾಗವೇ ಆಗಿರಲಿಲ್ಲ. ಚೆಂಬು ಹಿಡಿದು ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಉತ್ತರ ಕರ್ನಾಟಕದ ‘ಸಂಡಾಸು’ ನೆರೆಯ ಮರಾಠಿಯಿಂದ ಬಂದದ್ದು. ‘ಪಾಯಿಖಾನೆ’ ಪಾರಸಿಯ ಕಡೆಯದು. ‘ಕಕ್ಕಸು’ ಡಚ್ ವ್ಯಾಪಾರಿಗಳ ಮಾತಿನಿಂದ ಬಂದ ಪದ ಎಂಬ ಅಭಿಪ್ರಾಯವಿದೆ. ಹೆಸರುಗಳು ಹೊರಗಿನಿಂದ ಬಂದಂತೆ ಕೋಣೆಯೂ ಮನೆಯೊಳಗೆ ತಡವಾಗಿಯೇ ಬಂದಿತು.

ಹಾಗೆಂದು ಈ ಉಪಖಂಡಕ್ಕೆ ಅದು ಹೊಸದೇನೂ ಅಲ್ಲ. ಈಗ ಪಾಕಿಸ್ತಾನದಲ್ಲಿರುವ ಮೊಹೆಂಜೊದಾರೊ ನಗರದಲ್ಲಿ ಕ್ರಿ.ಪೂ. 2500ರ ಸುಮಾರಿಗೇ ಮನೆಗಳ ಒಳಗೆ ಸ್ನಾನದ ಕಟ್ಟೆಗಳೂ ಕಕ್ಕಸುಗಳೂ ಇದ್ದವು. ಅವುಗಳ ನೀರು ಇಟ್ಟಿಗೆಯಿಂದ ಕಟ್ಟಿದ ಮುಚ್ಚಿದ ಚರಂಡಿಗಳ ಮೂಲಕ ಬೀದಿಯನ್ನು ಸೇರುತ್ತಿತ್ತು. ಆದರೆ ಅಲ್ಲಿಯೂ ನೀರನ್ನು ಕೈಯಿಂದಲೇ ಸುರಿಯಬೇಕಾಗಿತ್ತು. ಮೇಲೆ ಕೂಡಿಟ್ಟ ನೀರನ್ನು ಒಮ್ಮೆಲೇ ಬಿಟ್ಟು ಅದರ ಭಾರದಿಂದಲೇ ಕೊಳೆಯನ್ನು ತಳ್ಳುವ ಉಪಾಯಕ್ಕೆ ಬಹಳ ಕಾಲ ಕಾಯಬೇಕಾಯಿತು.

ಕವಿಯ ಯಂತ್ರ, ಗಡಿಯಾರದವನ ಪೈಪು

ಆ ಉಪಾಯವನ್ನು ಬರೆದು ಪ್ರಕಟಿಸಿದವನು ಇಂಗ್ಲೆಂಡಿನ ಸರ್ ಜಾನ್ ಹ್ಯಾರಿಂಗ್ಟನ್. ರಾಣಿ ಒಂದನೆಯ ಎಲಿಜಬೆತ್‌ಳ ಧರ್ಮಪುತ್ರನಾದ ಈತ ಆಸ್ಥಾನದ ಹಾಸ್ಯಪ್ರಿಯ ಕವಿ. ಬಾತ್ ನಗರದ ಬಳಿಯ ಕೆಲ್ಸ್ಟನ್‌ನಲ್ಲಿದ್ದ ತನ್ನ ಮನೆಯಲ್ಲಿ ಇಂಥ ಕಕ್ಕಸನ್ನು ಕಟ್ಟಿಸಿ, 1596ರಲ್ಲಿ ಅದನ್ನು ವಿವರಿಸುವ ಪುಸ್ತಕವನ್ನು ಹೊರತಂದ. ಮೇಲೆ ನೀರಿನ ತೊಟ್ಟಿ, ಕೆಳಗೆ ಬೇಸಿನ್, ಅದರ ತಳದಲ್ಲಿ ತೆರೆದು ಮುಚ್ಚುವ ವಾಲ್ವ್, ಅದರ ಕೆಳಗೆ ಗುಂಡಿ. ಇಷ್ಟೇ ಅದರ ರಚನೆ. ನೀರು ಕಡಿಮೆಯಿದ್ದರೆ ಇಪ್ಪತ್ತು ಮಂದಿ ಬಳಸಿದರೂ ದಿನಕ್ಕೊಮ್ಮೆ ನೀರು ಬಿಟ್ಟರೆ ಸಾಕು ಎಂದು ಆತ ಸಲಹೆಯನ್ನೂ ಕೊಟ್ಟಿದ್ದ. ರಿಚ್ಮಂಡ್ ಅರಮನೆಯಲ್ಲಿ ರಾಣಿಗೂ ಒಂದನ್ನು ಕೂಡಿಸಲಾಯಿತು. ಆದರೂ ಅದು ಜನಪ್ರಿಯವಾಗಲಿಲ್ಲ. ಮನೆಗಳಿಗೆ ನಲ್ಲಿಯ ನೀರಾಗಲಿ ಚರಂಡಿಯಾಗಲಿ ಇಲ್ಲದ ಕಾಲವದು. ವಾಲ್ವ್ ಸ್ವಲ್ಪ ಸಡಿಲವಾದರೂ ಗುಂಡಿಯ ವಾಸನೆ ನೇರವಾಗಿ ಕೋಣೆಗೆ ಬರುತ್ತಿತ್ತು.

ವಾಸನೆಯ ಸಮಸ್ಯೆಗೆ ಪರಿಹಾರ ಸಿಗಲು ಮತ್ತೆ 179 ವರ್ಷ ಹಿಡಿಯಿತು. ಸ್ಕಾಟ್ಲೆಂಡ್ ಮೂಲದ ಅಲೆಕ್ಸಾಂಡರ್ ಕಮಿಂಗ್ ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ. 1775ರಲ್ಲಿ ಆತ ಪಡೆದ ಪೇಟೆಂಟಿನಲ್ಲಿ ಬೇಸಿನ್‌ನ ಕೆಳಗಿನ ಪೈಪು ನೇರವಾಗಿರಲಿಲ್ಲ, ಹಾವಿನಂತೆ ಬಾಗಿತ್ತು. ಪ್ರತಿ ಸಲ ನೀರು ಹರಿದು ಹೋದ ಮೇಲೆ ಆ ಬಾಗಿನಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಕೆಳಗಿನ ಗಾಳಿ ಆ ನೀರನ್ನು ದಾಟಿ ಮೇಲೆ ಬರಲಾರದು. ಕೀಲಿಲ್ಲ, ಸ್ಪ್ರಿಂಗ್ ಇಲ್ಲ, ತುಕ್ಕು ಹಿಡಿಯುವ ಯಾವ ಭಾಗವೂ ಇಲ್ಲ. ನಮ್ಮ ಪ್ಲಂಬರುಗಳು ‘ಟ್ರ್ಯಾಪ್’ ಎನ್ನುವುದು ಇದನ್ನೇ. ಇಂದು ಯಾವುದೇ ಕಮೋಡಿನಲ್ಲಿ, ಯಾವುದೇ ಇಂಡಿಯನ್ ಶೈಲಿಯ ಬೇಸಿನ್ನಿನಲ್ಲಿ ಸದಾ ಕಾಣುವ ಆ ಸ್ವಲ್ಪ ನೀರು ಕಮಿಂಗ್‌ನ ಪೈಪಿನ ನೀರೇ.

ಆದರೆ ಆತ ಬೇಸಿನ್‌ನ ತಳದಲ್ಲಿ ಜಾರುವ ವಾಲ್ವ್ ಒಂದನ್ನೂ ಇಟ್ಟಿದ್ದ. ಅದು ಸುಲಭವಾಗಿ ಸಿಕ್ಕಿಕೊಳ್ಳುತ್ತಿತ್ತು, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಮನೆಮನೆಗೆ ಹೋಗಿ ಇಂಥ ಕಕ್ಕಸುಗಳನ್ನು ಕೂಡಿಸುತ್ತಿದ್ದ ಜೋಸೆಫ್ ಬ್ರಾಮ ಎಂಬ ಬಡಗಿ ಈ ದೋಷವನ್ನು ಕಣ್ಣಾರೆ ಕಂಡ. 1778ರಲ್ಲಿ ಅವನು ಜಾರುವ ವಾಲ್ವ್ ಬದಲು ಕೀಲಿನ ಮೇಲೆ ಬೀಳುವ ಮುಚ್ಚಳಕ್ಕೆ ಪೇಟೆಂಟ್ ಪಡೆದ. ಮುರಿಯಲಾಗದ ಬೀಗಗಳಿಗೂ 1795ರ ಹೈಡ್ರಾಲಿಕ್ ಪ್ರೆಸ್ಸಿಗೂ ಮುಂದೆ ಹೆಸರಾದವನು ಇದೇ ಬ್ರಾಮ. ಗಡಿಯಾರದವನ ತಪ್ಪನ್ನು ತಿದ್ದಿದವನು ರಿಪೇರಿ ಮಾಡಲು ಹೋದ ಕೆಲಸಗಾರ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮನೆ ಸ್ವಚ್ಛ, ನದಿ ಹೊಲಸು

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಶ್ರೀಮಂತರ, ಆಮೇಲೆ ಮಧ್ಯಮ ವರ್ಗದವರ ಮನೆಗಳಿಗೆ ಫ್ಲಶ್ ಕಕ್ಕಸು ಬಂದಿತು. ಅದರ ನೀರು ಮೊದಲು ಸೇರುತ್ತಿದ್ದುದು ಮನೆಯ ಅಡಿಯ ಗುಂಡಿಗೆ. ಕೈಯಿಂದ ಗುಂಡಿ ತೋಡಿ ಸಾಗಿಸುತ್ತಿದ್ದ ಕಾಲಕ್ಕೆ ಹೊಂದುವ ಗುಂಡಿಗಳವು. ಪ್ರತಿ ಸಲವೂ ಹತ್ತಾರು ಲೀಟರ್ ನೀರು ಬೀಳತೊಡಗಿದಾಗ ಅವು ಉಕ್ಕಿ ಹರಿದವು. 1840ರ ದಶಕದ ಕೊನೆಯಲ್ಲಿ ಗುಂಡಿಗಳನ್ನು ಮುಚ್ಚಿ ಮನೆಗಳ ಪೈಪನ್ನು ಮಳೆನೀರಿನ ಚರಂಡಿಗೆ ಜೋಡಿಸುವಂತೆ ಒತ್ತಾಯ ಮಾಡಲಾಯಿತು. ಆ ಚರಂಡಿಗಳು ನೇರವಾಗಿ ಥೇಮ್ಸ್ ನದಿಗೆ ಬೀಳುತ್ತಿದ್ದವು. ಕುಡಿಯುವ ನೀರನ್ನು ಎತ್ತುತ್ತಿದ್ದುದೂ ಅದೇ ನದಿಯಿಂದ.

ಪರಿಣಾಮ ಕಾಲರಾ. 1853–54ರ ಪಿಡುಗಿನಲ್ಲಿ ಲಂಡನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. 1854ರಲ್ಲಿ ಡಾ. ಜಾನ್ ಸ್ನೋ, ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಕೈಪಂಪಿನ ನೀರು ಕುಡಿದವರೇ ಸಾಯುತ್ತಿದ್ದಾರೆಂದು ತೋರಿಸಿಕೊಟ್ಟರು. ಮರುವರ್ಷ ಆ ಬಾವಿಯ ಬದಿಯನ್ನು ಅಗೆದು ನೋಡಿದಾಗ ಕೆಲವೇ ಅಡಿ ದೂರದಲ್ಲಿ ಒಂದು ಮನೆಯ ಕಕ್ಕಸಿನ ಗುಂಡಿಯ ಇಟ್ಟಿಗೆ ಸಡಿಲವಾಗಿ ಬಾವಿಗೆ ಸೋರುತ್ತಿದ್ದುದು ಪತ್ತೆಯಾಯಿತು. ಒಂದು ಮನೆಯ ರಿಪೇರಿಯಾಗದ ಗುಂಡಿ ಒಂದು ಬೀದಿಯನ್ನೇ ಬಲಿ ತೆಗೆದುಕೊಂಡಿತ್ತು.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಪಾರ್ಲಿಮೆಂಟ್ ಭವನದೊಳಕ್ಕೂ ನುಗ್ಗಿತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಟ್ಟಿದರೂ ಸದಸ್ಯರು ಕೂರಲಾಗಲಿಲ್ಲ. ಬಡವರ ಕೇರಿಗಳು ವರ್ಷಗಟ್ಟಲೆ ಸಹಿಸಿದ್ದ ವಾಸನೆ ಆಳುವವರ ಮೂಗಿಗೆ ತಲುಪಿದಾಗ ಕಾನೂನು ಕೆಲವೇ ದಿನಗಳಲ್ಲಿ ಸಿದ್ಧವಾಯಿತು. ಎಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ ಸುಮಾರು 132 ಕಿಲೋಮೀಟರ್ ಉದ್ದದ ದೊಡ್ಡ ಒಳಚರಂಡಿಗಳನ್ನು ಕಟ್ಟಿಸಿ ಕೊಳಚೆಯನ್ನು ನಗರದ ಪೂರ್ವಕ್ಕೆ ಸಾಗಿಸಿದರು. 1865ರಲ್ಲಿ ಈ ವ್ಯವಸ್ಥೆಯ ಉದ್ಘಾಟನೆಯಾಯಿತು.

ಫ್ಲಶ್ ಮಾಡುವುದೆಂದರೆ ಇಲ್ಲದಂತೆ ಮಾಡುವುದಲ್ಲ, ಬೇರೆ ಕಡೆಗೆ ಕಳಿಸುವುದು ಎಂಬ ಪಾಠವನ್ನು ಲಂಡನ್ ಹೀಗೆ ಕಲಿಯಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹೊತ್ತಿಕೊಂಡಾಗ ಅದೇ ಪಾಠ ಕನ್ನಡಿಗರಿಗೂ ಆಯಿತು.

ಸರಪಳಿ ಎಳೆಯುವ ಗುಟ್ಟು

ಒಳಚರಂಡಿ ಬಂದ ಮೇಲೆ ಹೊಸ ತೊಂದರೆ ಶುರುವಾಯಿತು. ವಾಲ್ವ್ ಇರುವ ಕಕ್ಕಸುಗಳಲ್ಲಿ ನೀರು ಹಗಲೂ ರಾತ್ರಿ ಸೋರುತ್ತಿತ್ತು. ಲಂಡನ್ನಿನ ನೀರಿನ ಕಂಪನಿಗಳು ಇದನ್ನು ಸಹಿಸಲಿಲ್ಲ. ಒಂದು ಸಲಕ್ಕೆ ಎರಡು ಗ್ಯಾಲನ್, ಅಂದರೆ ಸುಮಾರು 9 ಲೀಟರ್ ನೀರನ್ನಷ್ಟೇ ಬಿಡುವ, ಸೋರುವ ಪ್ರಶ್ನೆಯೇ ಇಲ್ಲದ ಟ್ಯಾಂಕ್ ಬೇಕಾಯಿತು. ಇದಕ್ಕೆ ಸಿಕ್ಕ ಉತ್ತರ ಸೈಫನ್.

ಸೀಮೆಎಣ್ಣೆಯ ಡ್ರಮ್ಮಿಗೆ ರಬ್ಬರ್ ಕೊಳವೆ ಇಳಿಬಿಟ್ಟು ಒಮ್ಮೆ ಎಳೆದರೆ ಆಮೇಲೆ ಎಣ್ಣೆ ತಾನಾಗಿಯೇ ಏರಿ ಇಳಿದು ಹರಿಯುವುದನ್ನು ಅನೇಕರು ನೋಡಿರಬಹುದು. ಸೈಫನ್ ಟ್ಯಾಂಕಿನ ಕೆಲಸವೂ ಹಾಗೆಯೇ. ಅದರ ತಳದಲ್ಲಿ ತೆರೆಯುವ ಮುಚ್ಚಳವಿಲ್ಲ. ನೀರು ಒಂದು ಬಾಗಿದ ಕೊಳವೆಯ ನೆತ್ತಿಯನ್ನು ದಾಟಿದರೆ ಮಾತ್ರ ಹೊರಗೆ ಹೋಗುತ್ತದೆ. ಸರಪಳಿ ಎಳೆದಾಗ ಒಂದಿಷ್ಟು ನೀರು ಆ ನೆತ್ತಿಯನ್ನು ದಾಟುತ್ತದೆ, ಉಳಿದದ್ದು ಅದರ ಬೆನ್ನು ಹತ್ತುತ್ತದೆ. ಟ್ಯಾಂಕ್ ಬರಿದಾಗಿ ಒಳಗೆ ಗಾಳಿ ನುಗ್ಗಿದಾಗ ಹರಿವು ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಈ ಸೈಫನ್ ಎಷ್ಟು ಬೇರೂರಿತೆಂದರೆ, ತಳದಲ್ಲಿ ವಾಲ್ವ್ ಇರುವ ಫ್ಲಶ್ ಟ್ಯಾಂಕುಗಳಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ.

ನಮ್ಮ ಹಳೆಯ ಆಸ್ಪತ್ರೆ, ರೈಲ್ವೆ ಕ್ವಾರ್ಟರ್ಸ್ ಮತ್ತು ಬಂಗಲೆಗಳಲ್ಲಿ ಗೋಡೆಯ ಮೇಲ್ಭಾಗದಲ್ಲಿ ಕೂತಿರುತ್ತಿದ್ದ ಬೀಡುಕಬ್ಬಿಣದ ಟ್ಯಾಂಕುಗಳು ಈ ವಂಶದವು. ಅವುಗಳ ಒಳಗೆ ಗಂಟೆಯಾಕಾರದ ಒಂದು ಕಬ್ಬಿಣದ ತುಂಡು ಇರುತ್ತದೆ. ಸರಪಳಿ ಎಳೆದಾಗ ಅದು ಮೇಲೇಳುತ್ತದೆ. ಬಿಟ್ಟಾಗ ದಡಕ್ಕನೆ ಕೆಳಗೆ ಬಿದ್ದು ನೀರನ್ನು ನಡುವಿನ ಕೊಳವೆಗೆ ತಳ್ಳುತ್ತದೆ. ಆದ್ದರಿಂದ ಸರಪಳಿಯನ್ನು ಜಗ್ಗಿ ಹಿಡಿದುಕೊಂಡೇ ನಿಂತವರಿಗೆ ನೀರು ಬರುತ್ತಿರಲಿಲ್ಲ, ಜಗ್ಗಿ ತಟ್ಟನೆ ಬಿಟ್ಟವರಿಗೆ ಬರುತ್ತಿತ್ತು. ಇದು ಕೈಚಳಕವೆಂದು ಜನ ತಿಳಿದಿದ್ದರು. ವಾಸ್ತವದಲ್ಲಿ ಇದು ಸೈಫನ್‌ನ ನಿಯಮ.

ಫ್ಲಶ್ ಕಂಡುಹಿಡಿದವನು ಥಾಮಸ್ ಕ್ರ್ಯಾಪರ್ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ. 1836ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಕ್ರ್ಯಾಪರ್ ಲಂಡನ್ನಿನ ಯಶಸ್ವೀ ಪ್ಲಂಬಿಂಗ್ ವ್ಯಾಪಾರಿ. ಅವರಿಗೆ ಒಂಬತ್ತು ಪೇಟೆಂಟುಗಳಿದ್ದವು. ಆದರೆ ಅವರು ಹುಟ್ಟುವ ಹೊತ್ತಿಗೆ ಕಮಿಂಗ್‌ನ ಪೇಟೆಂಟಿಗೆ ಅರವತ್ತೊಂದು ವರ್ಷವಾಗಿತ್ತು. ಅವರ ಹೆಸರಿನೊಂದಿಗೆ ಸೇರಿಹೋಗಿರುವ ಸೈಫನ್ ಟ್ಯಾಂಕಿನ 1898ರ ಪೇಟೆಂಟ್ ಆಲ್ಬರ್ಟ್ ಗಿಬ್ಲಿನ್ ಎಂಬುವರದು. 1969ರಲ್ಲಿ ಬಂದ ಒಂದು ವಿನೋದಮಯ ಜೀವನಚರಿತ್ರೆ ಈ ದಂತಕಥೆಯನ್ನು ಜಗತ್ತಿಗೆಲ್ಲ ಹರಡಿತು. ಹೆಚ್ಚು ಗೌರವ ಸಲ್ಲಬೇಕಾದವರು ಕುಂಬಾರಿಕೆಯ ಮನೆತನದ ಥಾಮಸ್ ಟ್ವೈಫರ್ಡ್. ಅಲ್ಲಿಯವರೆಗೆ ಲೋಹದ ಭಾಗಗಳನ್ನು ಮರದ ಪೆಟ್ಟಿಗೆಯೊಳಗೆ ಮುಚ್ಚಿಡಲಾಗುತ್ತಿತ್ತು. ಕೊಳೆಯೂ ಅಲ್ಲೇ ಸೇರುತ್ತಿತ್ತು. 1880ರ ದಶಕದಲ್ಲಿ ಟ್ವೈಫರ್ಡ್ ಬೇಸಿನ್ನನ್ನೂ ಟ್ರ್ಯಾಪನ್ನೂ ಸೇರಿಸಿ ಒಂದೇ ತುಂಡಿನ ಪಿಂಗಾಣಿಯಲ್ಲಿ ತಯಾರಿಸಿದರು. ಸುತ್ತಲೂ ನಿಂತು ತೊಳೆಯಲು ಬರುವ ಕಮೋಡು ಹೀಗೆ ಬಂದಿತು.

ಕಾಯಿಲೆ ಎಲ್ಲಿದೆ?

ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಕಮೋಡಿನತ್ತ ನೋಡಿದರೆ ಅದರಲ್ಲಿರುವುದು ಮೂರೇ ಭಾಗ: ನೀರನ್ನು ಒಮ್ಮೆಲೇ ಬಿಡುವ ಟ್ಯಾಂಕ್, ಆ ನೀರನ್ನು ಹಂಚುವ ಬೇಸಿನ್, ಕೊಳೆಯನ್ನು ದಾಟಿಸುವ ಬಾಗಿದ ಪೈಪು. ಫ್ಲಶ್ ಸರಿಯಾಗಿ ಆಗದಿದ್ದರೆ ದೋಷ ಈ ಮೂರರಲ್ಲಿ ಒಂದರಲ್ಲಿ ಇರಬೇಕು, ಇಲ್ಲವೇ ಮನೆಯ ಹೊರಗಿನ ಪೈಪಿನಲ್ಲಿ ಇರಬೇಕು.

ಯಾವುದರಲ್ಲಿ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಅರ್ಧ ಬಕೆಟ್ ನೀರನ್ನು, ಅಂದರೆ ಏಳೆಂಟು ಲೀಟರಿನಷ್ಟನ್ನು, ಒಂದೇ ಸಲಕ್ಕೆ ರಭಸವಾಗಿ ಕಮೋಡಿಗೆ ಸುರಿಯಬೇಕು. ಎಲ್ಲವೂ ಸರಾಗವಾಗಿ ಹೋದರೆ ಪೈಪು ಸರಿಯಿದೆ, ಕಾಯಿಲೆ ಟ್ಯಾಂಕಿನಲ್ಲೋ ಬೇಸಿನ್ನಿನ ಅಂಚಿನಲ್ಲೋ ಇದೆ. ನೀರು ಮೇಲೇರಿ ನಿಂತರೆ ಪೈಪು ಕಟ್ಟಿದೆ. ಮೊದಲೇ ನೀರು ತುಂಬಿ ನಿಂತಿದ್ದರೆ ಮಾತ್ರ ಅದು ಇಳಿಯುವವರೆಗೆ ಕಾಯಬೇಕು.

ಟ್ಯಾಂಕಿನದಾದರೆ ಅದರ ಮುಚ್ಚಳ ತೆಗೆದು ನೋಡುವುದು ಮೊದಲ ಕೆಲಸ. ಒಳಗಿರುವುದು ಶುದ್ಧ ನೀರು, ಹೇಸಿಕೊಳ್ಳುವ ಕಾರಣವಿಲ್ಲ. ಹೆಚ್ಚಾದ ನೀರನ್ನು ಹೊರಹಾಕಲು ನಡುವೆ ಒಂದು ಕೊಳವೆ ನಿಂತಿರುತ್ತದೆ. ನೀರಿನ ಮಟ್ಟ ಅದರ ಬಾಯಿಗಿಂತ ಸುಮಾರು ಒಂದು ಅಂಗುಲ ಕೆಳಗಿರಬೇಕು. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಬಾಲ್ ಕಾಕ್‌ನ ತೇಲುಬುರುಡೆಯನ್ನು ತಿರುಪು ತಿರುಗಿಸಿ ಸ್ವಲ್ಪ ಮೇಲಕ್ಕೆ ಏರಿಸಿದರೆ ಸಾಕು. ನೀರು ಸಾಕಷ್ಟಿದ್ದೂ ಅರ್ಧಕ್ಕೇ ನಿಂತರೆ ತಳದ ರಬ್ಬರ್ ಮುಚ್ಚಳ ಪೂರ್ತಿ ಏಳುತ್ತಿಲ್ಲ ಎಂದರ್ಥ. ಅದನ್ನು ಎತ್ತುವ ಸರಪಳಿ ಸಡಿಲವಾಗಿರುತ್ತದೆ, ಇಲ್ಲವೇ ರಬ್ಬರ್ ಹಳೆಯದಾಗಿ ಸೊಟ್ಟಗಾಗಿರುತ್ತದೆ. ಅಂಗಡಿಯಲ್ಲಿ ಹೊಸ ರಬ್ಬರ್ ದುಬಾರಿಯೇನಲ್ಲ.

ಟ್ಯಾಂಕಿನಿಂದ ನೀರು ಚೆನ್ನಾಗಿ ಇಳಿದೂ ಬೇಸಿನ್ನಿನಲ್ಲಿ ಸೊರಗಿ ಸುರಿದರೆ ಅಂಚಿನ ಅಡಿಯ ತೂತುಗಳನ್ನು ನೋಡಬೇಕು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಇವು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ವಿನೆಗರ್ ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೆಳುವಾದ ತಂತಿಯಿಂದ ಒಂದೊಂದೇ ತೂತನ್ನು ಬಿಡಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಸಿಡ್ಡಿಗೂ ಬ್ಲೀಚಿಂಗ್ ಪುಡಿಗೂ ಎಂದಿಗೂ ನಂಟು ಬೆಳೆಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಟ್ರ್ಯಾಪ್ ಕಟ್ಟಿದ್ದರೆ ಹಿಡಿ ಇರುವ ರಬ್ಬರ್ ಬಟ್ಟಲನ್ನು ತೂತಿನ ಮೇಲೆ ನೀರಿನಲ್ಲಿ ಮುಳುಗುವಂತೆ ಒತ್ತಿ, ಮೇಲೆ ಕೆಳಗೆ ಆಡಿಸಬೇಕು. ತಳ್ಳುವುದಕ್ಕಿಂತ ಎಳೆಯುವುದರಿಂದಲೇ ಹೆಚ್ಚಾಗಿ ಕಟ್ಟು ಬಿಡುತ್ತದೆ. ಕಮೋಡಿನೊಂದಿಗೆ ಬಚ್ಚಲಿನ ನೀರೂ ನಿಂತರೆ, ಒಂದು ಕಡೆ ನೀರು ಬಿಟ್ಟಾಗ ಇನ್ನೊಂದು ಕಡೆ ಗುಳುಗುಳು ಸದ್ದು ಬಂದರೆ, ದೋಷ ಮನೆಯೊಳಗಿನದಲ್ಲ. ತಾರಸಿಯವರೆಗೆ ಹೋಗುವ ಗಾಳಿಯ ಪೈಪು ಮುಚ್ಚಿರಬಹುದು, ಹೊರಗಿನ ಚೇಂಬರ್ ಕಟ್ಟಿರಬಹುದು, ಅಥವಾ ಸೆಪ್ಟಿಕ್ ಟ್ಯಾಂಕ್ ತುಂಬಿರಬಹುದು.

ನೀರು ಹೆಚ್ಚಾದರೆ ಸಾಲದು

ಬಕೆಟ್ಟುಗಟ್ಟಲೆ ನೀರು ಸುರಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಅಮೆರಿಕ ತನ್ನ ಖರ್ಚಿನಲ್ಲಿ ಪರೀಕ್ಷಿಸಿತು. 1992ರ ಕಾನೂನೊಂದು ಅಲ್ಲಿನ ಹೊಸ ಕಮೋಡುಗಳು ಒಂದು ಸಲಕ್ಕೆ ಸುಮಾರು 6 ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ವಿಧಿಸಿತು. ತಯಾರಕರು ಬೇಸಿನ್ನಿನ ಆಕಾರವನ್ನು ಬದಲಿಸದೆ ನೀರನ್ನಷ್ಟೇ ಕಡಿಮೆ ಮಾಡಿದರು. ಜನ ಎರಡೆರಡು ಸಲ ಫ್ಲಶ್ ಮಾಡತೊಡಗಿದರು, ದೂರುಗಳ ಮಳೆಯೇ ಸುರಿಯಿತು. 2003ರಿಂದ ಸೋಯಾ ಹಿಟ್ಟಿನ ಮುದ್ದೆಗಳನ್ನು ಬಳಸಿ ಕಮೋಡುಗಳ ಶಕ್ತಿಯನ್ನು ಅಳೆಯುವ ಪರೀಕ್ಷೆ ಶುರುವಾಯಿತು. ಪೈಪಿನ ಬಾಗು, ವಾಲ್ವ್‌ನ ಅಗಲ, ಬೇಸಿನ್ನಿನ ಇಳಿಜಾರು ಇವುಗಳನ್ನು ತಿದ್ದಿದ ಮೇಲೆ ಅದೇ 6 ಲೀಟರ್ ಸಾಕಾಯಿತು. ಅದಕ್ಕೂ ಮೊದಲೇ, 1980ರಲ್ಲಿ, ಆಸ್ಟ್ರೇಲಿಯದಲ್ಲಿ ಪೂರ್ತಿ ಮತ್ತು ಅರ್ಧ ಎಂಬ ಎರಡು ಬಟನ್‌ಗಳ ಟ್ಯಾಂಕ್ ಬಂದಿತ್ತು. ಈಗ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಕಾಣುವುದು ಅದರ ಸಂತತಿ.

ಆದರೆ ಈ ಲೆಕ್ಕವನ್ನು ಇನ್ನೂ ಮೊದಲೇ ಬಿಡಿಸಿದ್ದವರು ಭಾರತದವರು. 1950ರ ದಶಕದಲ್ಲಿ ಲಖನೌದ ಯೋಜನಾ ಸಂಶೋಧನಾ ಸಂಸ್ಥೆ ಹಳ್ಳಿಗಳಿಗಾಗಿ ನೀರಿನ ತಡೆಯಿರುವ ಅಗ್ಗದ ಬೇಸಿನ್ ರೂಪಿಸಿತು. 1970ರಲ್ಲಿ ಬಿಂದೇಶ್ವರ್ ಪಾಠಕ್ ಸ್ಥಾಪಿಸಿದ ಸುಲಭ್ ಸಂಸ್ಥೆ ಹರಡಿದ ಕಕ್ಕಸಿನಲ್ಲಿ ಬೇಸಿನ್ನಿನ ಇಳಿಜಾರು 25ರಿಂದ 28 ಡಿಗ್ರಿ. ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ಆಳ ಕೇವಲ 20 ಮಿಲಿಮೀಟರ್. ಟ್ಯಾಂಕ್ ಇಲ್ಲ, ಸರಪಳಿಯಿಲ್ಲ. ಒಂದೂವರೆ ಎರಡು ಲೀಟರ್ ನೀರನ್ನು ಕೈಯಿಂದ ಸುರಿದರೆ ಸಾಕು. ಪಟ್ಟಣದ ಟ್ಯಾಂಕುಗಳು ಆಗ ಹತ್ತು ಹನ್ನೆರಡು ಲೀಟರ್ ಕುಡಿಯುತ್ತಿದ್ದವು. ಹಿಂದೆ ಎರಡು ಗುಂಡಿಗಳು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಯಾರೂ ಹಸಿ ಮಲವನ್ನು ಮುಟ್ಟಬೇಕಾಗಿಲ್ಲ. 2023ರಲ್ಲಿ ತೀರಿಕೊಂಡ ಪಾಠಕ್ ಅವರ ಗುರಿ ನೀರಿನ ಉಳಿತಾಯ ಮಾತ್ರವಾಗಿರಲಿಲ್ಲ, ಆ ಕೊನೆಯ ಸಾಲೇ ಅವರ ಗುರಿಯಾಗಿತ್ತು.

ಹಿತ್ತಲ ಗಲ್ಲಿಯ ಜನ

ಏಕೆಂದರೆ ಭಾರತದ ಪಟ್ಟಣಗಳಲ್ಲಿ ಬಹುಕಾಲ ಫ್ಲಶ್‌ನ ಕೆಲಸ ಮಾಡಿದ್ದು ನೀರಲ್ಲ, ಮನುಷ್ಯರು. 1898ರ ಪ್ಲೇಗಿನ ಸುಮಾರಿಗೆ ರೂಪುಗೊಂಡ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕಿರಿದಾದ ‘ಕನ್ಸರ್ವೆನ್ಸಿ’ ಗಲ್ಲಿಗಳನ್ನು ಬಿಡಲಾಗಿತ್ತು. ಮನೆಯ ಮುಂಬಾಗಿಲಿಗೆ ಬರಬಾರದ ಜನ ಹಿಂದಿನಿಂದ ಬಂದು, ಕಕ್ಕಸಿನ ಡಬ್ಬ ತೆಗೆದು, ತಲೆಯ ಮೇಲೆ ಹೊತ್ತು ಹೋಗಲೆಂದು ಮಾಡಿದ ದಾರಿ ಅದು. ಸ್ವಚ್ಛತೆಗಾಗಿ ಯೋಜಿಸಿದ ಬಡಾವಣೆಯ ನಕ್ಷೆಯಲ್ಲಿಯೇ ಜಾತಿಗೂ ಒಂದು ರಸ್ತೆ ಎಳೆಯಲಾಗಿತ್ತು.

1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಕಕ್ಕಸುಗಳ ದುಃಸ್ಥಿತಿ ಕಂಡು ಗಾಂಧೀಜಿ ತಾವೇ ಪೊರಕೆ ಹಿಡಿದರು. ಅದು ತಮ್ಮ ಕೆಲಸವಲ್ಲ ಎಂದು ಅಲ್ಲಿಯ ಸ್ವಯಂಸೇವಕರು ಹೇಳಿದ್ದರು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಒಣ ಕಕ್ಕಸುಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅದಕ್ಕಾಗಿ ಮೊದಲು ನಿರ್ಣಯ ಅಂಗೀಕರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೆ ಕಾನೂನು ಬಂದ ಕೂಡಲೇ ಡಬ್ಬಗಳು ಮಾಯವಾಗಲಿಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ ಕಂಡ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ 1990ರ ದಶಕದವರೆಗೂ ಒಣ ಕಕ್ಕಸುಗಳಿದ್ದವು. ಅಲ್ಲಿಯ ಸಫಾಯಿ ಕರ್ಮಚಾರಿಗಳ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವುಗಳ ವಿರುದ್ಧ ಶುರು ಮಾಡಿದ ಹೋರಾಟ ದೇಶವ್ಯಾಪಿ ಆಂದೋಲನವಾಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗ ನಾಡು ಬೆಚ್ಚಿಬಿದ್ದಿತು.

ಫ್ಲಶ್ ಬಂದ ಮೇಲೆ ಅಪಾಯ ರೂಪ ಬದಲಿಸಿತು. ಡಬ್ಬದ ಬದಲು ಮ್ಯಾನ್‌ಹೋಲ್ ಮತ್ತು ಸೆಪ್ಟಿಕ್ ಟ್ಯಾಂಕ್ ಬಂದವು. ಗಾಳಿಯಿಲ್ಲದ ಗುಂಡಿಯಲ್ಲಿ ಮಲ ಕೊಳೆತಾಗ ಹೈಡ್ರೋಜನ್ ಸಲ್ಫೈಡ್, ಮಿಥೇನ್ ಅನಿಲಗಳು ತುಂಬಿಕೊಳ್ಳುತ್ತವೆ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣ ಶಕ್ತಿಯೇ ಮರಗಟ್ಟುತ್ತದೆ. ವಾಸನೆ ಇಲ್ಲವೆಂದು ಇಳಿದವನು ಕ್ಷಣದಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಹಾಗೆಯೇ ಸಾಯುತ್ತಾರೆ. 2013ರ ಕಾನೂನು ಸುರಕ್ಷಾ ಸಾಧನವಿಲ್ಲದೆ ಯಾರನ್ನೂ ಮ್ಯಾನ್‌ಹೋಲ್ ಅಥವಾ ಸೆಪ್ಟಿಕ್ ಟ್ಯಾಂಕಿನ ಶುಚಿಗೆ ಹಚ್ಚುವುದನ್ನು ಅಪರಾಧವೆಂದಿತು. ಇದು ನಗರಸಭೆಗೆ ಹೇಗೋ ಹಾಗೆ ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ.

ಮನೆಯವರ ಪಾಲು

ಆದ್ದರಿಂದ ಸರಿಯಾಗಿ ಫ್ಲಶ್ ಆಗದ ಕಕ್ಕಸು ಕೇವಲ ಒಂದು ಮನೆಯ ಕಿರಿಕಿರಿಯಲ್ಲ. ಕಮೋಡಿಗೆ ಹಾಕಿದ ಬಟ್ಟೆ, ಸ್ಯಾನಿಟರಿ ಪ್ಯಾಡ್, ಪ್ಲಾಸ್ಟಿಕ್ ಚೀಟಿಗಳು ಟ್ರ್ಯಾಪನ್ನು ದಾಟಿ ಹೋದರೂ ಎಲ್ಲೋ ಒಂದು ಮ್ಯಾನ್‌ಹೋಲಿನಲ್ಲಿ ಗಂಟು ಕಟ್ಟುತ್ತವೆ. ಮನೆಯಲ್ಲಿ ಸುರಿದ ಆಸಿಡ್ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನು ಕೊಂದು, ಗುಂಡಿ ಬೇಗ ತುಂಬುವಂತೆ ಮಾಡುತ್ತದೆ. ಮನೆಯವರು ಕಾಣದ ಜಾಗದಲ್ಲಿ ಆ ಗಂಟನ್ನು ಬಿಡಿಸಲು, ಆ ಗುಂಡಿಯನ್ನು ಬರಿದು ಮಾಡಲು ಯಾರೋ ಬರಬೇಕಾಗುತ್ತದೆ.

ಟ್ಯಾಂಕಿನ ತೇಲುಬುರುಡೆಯನ್ನು ತಿರುಗಿಸುವುದು, ಅಂಚಿನ ತೂತು ಬಿಡಿಸುವುದು, ರಬ್ಬರ್ ಬಟ್ಟಲು ಹಿಡಿದು ಟ್ರ್ಯಾಪ್ ತೆರವು ಮಾಡುವುದು ಇವೆಲ್ಲ ಮನೆಯ ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸಗಳು. ಹೊರಗಿನ ಚೇಂಬರಿನ ಕಟ್ಟನ್ನು ಪ್ಲಂಬರ್ ನೆಲದ ಮೇಲೆ ನಿಂತೇ ಉದ್ದನೆಯ ಸಲಾಕೆಯಿಂದ ಬಿಡಿಸುತ್ತಾರೆ. ತುಂಬಿದ ಸೆಪ್ಟಿಕ್ ಟ್ಯಾಂಕಿಗೆ ಹೀರುವ ಯಂತ್ರದ ಲಾರಿ ಬರಬೇಕು. ಅದು ಬರುವುದು ಎರಡು ದಿನ ತಡವಾದರೆ ಮನೆಯವರು ಎರಡು ದಿನ ತೊಂದರೆ ಪಡಬೇಕೇ ಹೊರತು, ‘ಒಂದು ಸಲ ಇಳಿದು ನೋಡಪ್ಪ’ ಎಂದು ಯಾರಿಗೂ ಹೇಳಬಾರದು.